ಹರಿಣಾಕ್ಷಕ್ಕನ ಬಚ್ಚಲೊಲೆ

ಬಾಣಂತಿ ತಲೆನೋವು ಎಂದರೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಒಂದೇ: ಶೀತ. ಕಾಲು ಸೆಳೆದರೆ ಶೀತ, ಹೊಟ್ಟೆ ಉಬ್ಬರಿಸಿದರೆ ಶೀತ, ಮಗು ಅತ್ತರೂ ತಾಯಿಗೆ ಶೀತ. ಶೀತ ಎಂದು ತೀರ್ಮಾನವಾದ ಮೇಲೆ ಮದ್ದಿಗೇನು ಕೊರತೆ, ಇನ್ನಷ್ಟು ಬಿಸಿ. ಕೊಲ್ಲಿ ದೇಶದ ಇಬ್ರಾ ಪೇಟೆಯ ಪೂವಪ್ಪನವರ ಮನೆಯಲ್ಲಿ ಈ ಚಳಿಗಾಲದಲ್ಲಿ ಆದದ್ದು ಇದೇ. ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಆದರೆ ಓದುವಾಗ ನಿಮಗೆ ಸಿಟ್ಟು ಬಂದರೆ ಬರಲಿ, ಕೇಳಿದಾಗ ನನಗೂ ಬಂದಿತ್ತು.

ಪೂವಪ್ಪನವರು ಕಾರ್ಕಳದ ಕಡೆಯವರು. ಇಬ್ರಾದ ಸೂಕಿನ, ಅಂದರೆ ಹಳೆಯ ಮಾರುಕಟ್ಟೆಯ, ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಇಲ್ಲಿಯವರೇ ಆಗಿಹೋಗಿದ್ದಾರೆ. ಹೆಂಡತಿ ಹರಿಣಾಕ್ಷಿ. ಮಗ ಹರ್ಷಿತ್ ಬೌಷರ್‌ನಲ್ಲಿ ಒಂದು ಆಫೀಸಿನಲ್ಲಿದ್ದಾನೆ. ವಾರವಿಡೀ ಅಲ್ಲಿ, ಇಲ್ಲಿ ಶುಕ್ರವಾರ ರಜೆಯಾದ್ದರಿಂದ ಗುರುವಾರ ಸಂಜೆ ಮನೆಗೆ. ಅವನ ಹೆಂಡತಿ ಯಶ್ಮಿತಾ ಮೊದಲ ಹೆರಿಗೆಯಾಗಿ ಹೆಣ್ಣುಮಗುವಿನೊಂದಿಗೆ ಅತ್ತೆಯ ಕೈಯಲ್ಲಿ ಬಾಣಂತನ ಮಾಡಿಸಿಕೊಳ್ಳುತ್ತಿದ್ದಳು. ಮೊದಲ ಬಾಣಂತನ ತವರಿನಲ್ಲಿ ಆಗಬೇಕು, ನಿಜ. ಆದರೆ ಯಶ್ಮಿತಾಳಿಗೆ ತಾಯಿ ಇಲ್ಲ. ಮದುವೆಯ ಮೊದಲೇ ತೀರಿಕೊಂಡಿದ್ದರು.

ಹರಿಣಾಕ್ಷಕ್ಕನ ಹಟ ಹುಟ್ಟಿದ್ದು ಅಲ್ಲೇ. ತಾಯಿ ಇಲ್ಲದ ಹುಡುಗಿ, ಅದಕ್ಕೆ ಬಾಣಂತನದಲ್ಲಿ ಕಡಿಮೆ ಮಾಡಿದರು ಎಂದು ನಾಳೆ ಒಬ್ಬರೂ ಬೆರಳು ತೋರಿಸಬಾರದು ಎಂದು ಅವರು ಎಲ್ಲರೆದುರು ಹೇಳಿದ್ದರು. ಬಾಣಂತಿ ಮದ್ದು, ಲೇಹ್ಯ, ಮೀಯುವ ನೀರಿಗೆ ಹಾಕಲು ಒಣಗಿಸಿದ ನೆಕ್ಕಿ ಸೊಪ್ಪು, ಎಲ್ಲ ಊರಿನಿಂದ ಬರುವವರ ಬ್ಯಾಗಿನಲ್ಲಿ ಬಂದವು. ತಾಮ್ರದ ಹಂಡೆಯನ್ನು ಸ್ವತಃ ಮತ್ರಾದ ಪೇಟೆಗೆ ಹೋಗಿ, ಬಡಿದು ಸದ್ದು ನೋಡಿ ತಂದರು. ಮನೆಯೊಳಗಿನ ಬಾತ್‌ರೂಮಿನಲ್ಲಿ ಗೀಸರ್ ಇತ್ತು. ಅದು ಗಂಡಸರಿಗೆ. ಕರೆಂಟಿನ ನೀರು ಚೆಂಬಿನಲ್ಲಿ ಬಿಸಿ, ಮೈಗೆ ಬಿದ್ದಾಗ ತಣ್ಣಗೆ ಎಂಬುದು ಹರಿಣಾಕ್ಷಕ್ಕನ ಲೆಕ್ಕ. ಬಾಣಂತಿಯ ನೀರು ಕಟ್ಟಿಗೆಯ ಮೇಲೇ ಕಾಯಬೇಕು.

ಹಿತ್ತಿಲಿನಲ್ಲಿ ಒಂದು ಒಂಟಿ ಕೋಣೆ ಇತ್ತು. ಅದರ ಮೂಲೆಯಲ್ಲಿ ಇಟ್ಟಿಗೆ ಜೋಡಿಸಿ ಒಲೆ ಮಾಡಿ ಹಂಡೆ ಕೂರಿಸಿ, ಅದಕ್ಕೆ ಬಚ್ಚಲು ಎಂದು ಹೆಸರಿಟ್ಟರು. ಇಲ್ಲಿ ಒಂದು ನಿಮಿಷ ನಿಲ್ಲಿ. ಊರಿನ ಬಚ್ಚಲಲ್ಲೂ ಒಲೆ ಒಳಗೇ ಇರುತ್ತಿತ್ತು, ಯಾರಿಗೂ ಏನೂ ಆಗಿರಲಿಲ್ಲ ಎಂದು ನೀವು ಹೇಳುವುದು ನನಗೆ ಕೇಳಿಸುತ್ತಿದೆ. ಊರಿನ ಬಚ್ಚಲಿಗೆ ಹಂಚಿನ ಮಾಡು. ಹಂಚಿನ ಸಂದಿಯಲ್ಲಿ ಹೊಗೆ ಹೋಗುತ್ತದೆ, ಗೋಡೆಗೂ ಮಾಡಿಗೂ ನಡುವೆ ಬೆಕ್ಕು ನುಸುಳುವಷ್ಟು ಜಾಗ, ಬಾಗಿಲೆಂದರೆ ಹೆಸರಿಗೊಂದು ಹಲಗೆ. ಇಬ್ರಾದ ಈ ಕೋಣೆಗೆ ಸಿಮೆಂಟಿನ ಸ್ಲ್ಯಾಬ್, ಮರಳಿನ ಗಾಳಿ ನುಗ್ಗದ ಹಾಗೆ ರಬ್ಬರ್ ಪಟ್ಟಿ ಕೂರಿಸಿದ ಅಲ್ಯುಮಿನಿಯಂ ಬಾಗಿಲು, ಮೇಲೆ ಅಂಗೈಯಗಲದ ಒಂದು ಕಿಂಡಿ. ಒಲೆ ಊರಿನದು, ಕೋಣೆ ಇಲ್ಲಿಯದು. ಇವೆರಡು ಕೂಡುವುದಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಮಿಂದು ಬಂದ ಮೇಲೆ ಯಶ್ಮಿತಾಳಿಗೆ ತಲೆ ಸಿಡಿಯುತ್ತಿತ್ತು, ವಾಕರಿಕೆ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಕೂತರೆ ಹಗುರಾಗುತ್ತಿತ್ತು. ನೀರು ಹೊಯ್ದ ಹರಿಣಾಕ್ಷಕ್ಕನಿಗೂ ತಲೆ ಭಾರವಾಗುತ್ತಿತ್ತು, ಆದರೆ ಅವರು ಅದನ್ನು ವಯಸ್ಸಿನ ಖಾತೆಗೆ ಹಾಕಿದ್ದರು. ಮಗು ಮಾತ್ರ ಮಿಂದ ಮೇಲೆ ಹಾಲೂ ಕೇಳದೆ ನಿದ್ದೆ ಹೊಡೆಯುತ್ತದೆ ಎಂದು ಊರಿಗೆ ಫೋನ್ ಮಾಡಿ ಹೆಮ್ಮೆಪಡುತ್ತಿದ್ದರು.

ಒಲೆಯನ್ನು ಬದಲಿಸುವ ಮಾತು ಎದ್ದಿರಲಿಲ್ಲ ಎಂದಲ್ಲ. ಹೊಗೆಯಿಂದ ಕಪ್ಪಾದ ಗೋಡೆಯನ್ನು ನೋಡಿದ ಹರ್ಷಿತ್, ಹೊಸ ನಮೂನೆಯ ಕಟ್ಟಿಗೆ ಬಾಯ್ಲರ್ ತರುವ ಎಂದಿದ್ದ. ಹೊರಗೆ ನಿಲ್ಲಿಸುವುದು, ಹೊಗೆಕೊಳವೆ ಇರುತ್ತದೆ, ನೀರು ನಲ್ಲಿಯಲ್ಲಿ ಒಳಗೆ ಬರುತ್ತದೆ ಎಂದು ಮೊಬೈಲಿನಲ್ಲಿ ಚಿತ್ರವನ್ನೂ ತೋರಿಸಿದ. ಕೊಳವೆ ಇಟ್ಟರೆ ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತದೆ, ನೆಕ್ಕಿ ಸೊಪ್ಪನ್ನು ನಲ್ಲಿಯೊಳಗೆ ತುರುಕುವುದಾ ಎಂದು ಅಮ್ಮ ಕೇಳಿದರು. ಬಾಣಂತನ ಇನ್ನೇನು ಮುಗಿಯುತ್ತದೆ, ಅಷ್ಟಕ್ಕೆ ಯಾಕೆ ಎಂದೂ ಹೇಳಿದರು. ಪೂವಪ್ಪನವರದು ಬೇರೆ ಚಿಂತೆ. ಬಾಡಿಗೆ ಮನೆ, ಗೋಡೆ ತೂತು ಮಾಡಲು ಯಜಮಾನ ಖಲ್ಫಾನ್ ಒಪ್ಪಲಿಕ್ಕಿಲ್ಲ ಎಂದರು. ಖಲ್ಫಾನ್ ಇದ್ದದ್ದು ಪಕ್ಕದ ಕಂಪೌಂಡಿನಲ್ಲೇ, ಕರೆದರೆ ಕೇಳುವಷ್ಟು ಹತ್ತಿರ. ಪೂವಪ್ಪನವರು ಒಮ್ಮೆಯೂ ಅವರನ್ನು ಕೇಳಲಿಲ್ಲ. ಹಿತ್ತಿಲಿನ ಹೊಗೆಯನ್ನು ದಿನಾ ನೋಡುತ್ತಿದ್ದ ಖಲ್ಫಾನ್, ಅದು ಹಿಂದಿಗಳ, ಅಂದರೆ ಭಾರತದವರ, ಪದ್ಧತಿಯಿರಬೇಕು, ನಾವು ಬಾಯಿ ಹಾಕಬಾರದು ಎಂದು ಸುಮ್ಮನಿದ್ದರು. ಎಲ್ಲರೂ ಎಷ್ಟು ಮರ್ಯಾದಸ್ಥರು ನೋಡಿ. ಆ ಮರ್ಯಾದೆಯ ನಡುವೆ ಒಂದು ಮಗು ದಿನಾ ವಿಷ ಉಸಿರಾಡುತ್ತಿತ್ತು.

ಹಿಂದಿನ ಓಣಿಯಲ್ಲಿ ಸೋಫಿಯಾ ಇದ್ದಾರೆ. ಬಂಟ್ವಾಳದವರು, ಆಸ್ಪತ್ರೆಯಲ್ಲಿ ನರ್ಸ್. ಕ್ರೈಸ್ತ ಹೆಂಗಸರನ್ನು ಕರೆಯುವ ಊರಿನ ರೂಢಿಯಂತೆ ಹರಿಣಾಕ್ಷಕ್ಕ ಅವರನ್ನು ಬಾಯಿ ಎಂದು ಕರೆಯುತ್ತಾರೆ. ಒಂದು ದಿನ ಬಾಣಂತಿ ಹೇಗಿದ್ದಾಳೆ ಎಂದು ವಿಚಾರಿಸಲು ಸೋಫಿಯಾ ವಾರ್ಡಿನಿಂದಲೇ ಫೋನ್ ಮಾಡಿದಾಗ ಯಶ್ಮಿತಾ ತಲೆನೋವಿನ ಸುದ್ದಿ ಹೇಳಿದಳು. ಒಲೆ ಕೋಣೆಯೊಳಗೇ ಇದೆ ಎಂದು ತಿಳಿದ ಸೋಫಿಯಾ, ಅತ್ತೆಗೆ ಫೋನ್ ಕೊಡಲು ಹೇಳಿದರು.

"ಆ ಹೊಗೆ ಒಳ್ಳೇದಲ್ಲ ಅಕ್ಕ, ಇಬ್ಬರಿಗೂ. ನಾನು ಡ್ಯೂಟಿ ಮುಗ್ಸಿ ಬರ್ತೇನೆ, ಕೂತು ಮಾತಾಡುವ."

ಅಷ್ಟರಲ್ಲಿ ಯಾರೋ ಕರೆದರು, ಫೋನ್ ಇಟ್ಟರು. ಆ ದಿನ ವಾರ್ಡಿನಲ್ಲಿ ಕೆಲಸ ಮುಗಿಯಲೇ ಇಲ್ಲ, ಸೋಫಿಯಾ ಬರಲಾಗಲಿಲ್ಲ. ಅರ್ಧ ಮಾತು ಮಾತ್ರ ಮನೆ ಸೇರಿತು.

ಹರಿಣಾಕ್ಷಕ್ಕ ಕೇಳಿದ ಮಾತನ್ನು ತಳ್ಳಿಹಾಕುವವರಲ್ಲ. ಹೊಗೆ ಬೇಡವೆಂದರೆ ಬೇಡ. ಗಂಡನಿಗೆ ಹೇಳಿ, ಇಲ್ಲಿಯವರು ಮಾಂಸ ಸುಡಲು ಒಯ್ಯುವ ಇದ್ದಿಲಿನ ಚೀಲ ತರಿಸಿದರು. ಮರುದಿನ ಬೆಳಿಗ್ಗೆ ಅದನ್ನು ಹಿತ್ತಿಲಿನಲ್ಲಿ ಹೊತ್ತಿಸಿ, ಕೆಂಪು ಕೆಂಡವಾದ ಮೇಲೆ ಒಲೆಗೆ ತುಂಬಿದರು. ಒಂದು ಎಳೆ ಹೊಗೆಯಿಲ್ಲ. ಹಂಡೆ ಕುದಿಯಿತು. ಆ ಬೆಳಿಗ್ಗೆ ಬಯಲಿನ ಕಡೆಯಿಂದ ಮರಳು ತುಂಬಿದ ಥಂಡಿ ಗಾಳಿ ಬೀಸುತ್ತಿತ್ತು. ಹೊಗೆಯೇ ಇಲ್ಲದ ಮೇಲೆ ಕಿಂಡಿ ಯಾಕೆ ಎಂದು ಅದಕ್ಕೂ ಹಳೆಯ ಪಂಚೆ ತುರುಕಿದರು.

"ಮಾಮಿ, ಇವತ್ತೊಂದು ದಿನ ಮೀಯುದು ಬೇಡ. ನಂಗೆ ಆ ಕೋಣೆ ಅಂದ್ರೇ ಆಗುದಿಲ್ಲ," ಎಂದಳು ಯಶ್ಮಿತಾ.

"ಇವತ್ತು ಹೊಗೆ ಇಲ್ಲ ಮಾರಾಯ್ತಿ. ಬಾಯಿ ಹೇಳಿದ ಹಾಗೇ ಮಾಡಿದ್ದೇನೆ. ಬಾ."

ಬಾಣಂತಿಯನ್ನೂ ಮಗುವನ್ನೂ ಕರೆದುಕೊಂಡು ಒಳಗೆ ಹೋಗಿ ಚಿಲಕ ಹಾಕಿದರು.

ಪೂವಪ್ಪನವರು ಅಡುಗೆಮನೆಯ ಮೆಟ್ಟಿಲ ಮೇಲೆ ಚಾ ಕುಡಿಯುತ್ತ ಕೂತಿದ್ದರು. ಹಿತ್ತಿಲಿನಿಂದ ನೀರು ಹೊಯ್ಯುವ ಸದ್ದು ಕೇಳುತ್ತಿತ್ತು. ಬಾಣಂತಿಯ ಸ್ನಾನವೆಂದರೆ ಸುಮ್ಮನೆ ಸುರಿಯುವುದಲ್ಲ. ಚೆಂಬು ಎತ್ತಿ ಬೀಸಿ ಸೊಂಟಕ್ಕೆ ಹೊಡೆಯಬೇಕು. ಆ ಸದ್ದು ಸ್ವಲ್ಪ ಹೊತ್ತು ಜೋರಾಗಿತ್ತು. ಆಮೇಲೆ ನಿಧಾನವಾಯಿತು. ಆಮೇಲೆ ನಿಂತಿತು. ಇನ್ನು ಮಗುವಿನ ಸರದಿ ಎಂದುಕೊಂಡರು ಪೂವಪ್ಪ. ಮಗುವಿಗೆ ನೀರು ಹಾಕಿದರೆ ಓಣಿಗೆ ಕೇಳುವ ಹಾಗೆ ಅಳುತ್ತದೆ. ಅಳು ಕೇಳಲಿಲ್ಲ.

ಎದ್ದು ಹಿತ್ತಿಲಿಗೆ ಹೋಗಿ, ಬಾಗಿಲಿನಿಂದ ದೂರದಲ್ಲೇ ನಿಂತು ಹೆಂಡತಿಯನ್ನು ಕರೆದರು. ಉತ್ತರವಿಲ್ಲ. ಇನ್ನೊಮ್ಮೆ ಕರೆದರು. ಕಿವಿ ಕೊಟ್ಟು ಕೇಳಿದರು. ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಏನೋ ಸರಿಯಿಲ್ಲ ಎಂದು ಅವರಿಗೆ ಗೊತ್ತಾಗಿತ್ತು. ಆದರೂ ಕೈ ಬಾಗಿಲಿಗೆ ಹೋಗಲಿಲ್ಲ. ಒಳಗೆ ಸೊಸೆ ಮೀಯುತ್ತಿದ್ದಾಳೆ. ಮಾವನಾದವನು ಬಾಣಂತಿಯ ಬಚ್ಚಲಿನ ಕಡೆ ಮುಖ ಮಾಡಿಯೂ ನಿಲ್ಲಬಾರದು ಎಂದು ಬೆಳೆದ ಮನುಷ್ಯ. ಒಂದು ಹೆಜ್ಜೆ ಮುಂದಿಟ್ಟರು, ಹಿಂದೆ ಬಂದರು. ಮತ್ತೆ ಕರೆದರು. ಆ ಹೊತ್ತಿನಲ್ಲಿ ಒಳಗೆ ಮೂರು ಜೀವಗಳು ಸಾವಿನತ್ತ ಜಾರುತ್ತಿದ್ದವು, ಹೊರಗೆ ಒಬ್ಬ ಒಳ್ಳೆಯ ಮನುಷ್ಯ ನಾಚಿಕೆಯಿಂದ ಕಾಲು ಕಿತ್ತಿಡಲಾರದೆ ನಿಂತಿದ್ದ.

ಕೊನೆಗೆ ಅವರಿಗೆ ತೋಚಿದ್ದು ಸೋಫಿಯಾಗೆ ಫೋನ್ ಮಾಡುವುದು. ಒಳಗೆ ಸದ್ದಿಲ್ಲ ಎಂದರು. ಹೊಗೆಯಿತ್ತೇ ಎಂದು ಸೋಫಿಯಾ ಕೇಳಿದರು. ಇಲ್ಲ, ಇವತ್ತು ಇದ್ದಿಲು ಎಂದರು ಪೂವಪ್ಪ.

"ಬಾಗಿಲು ಒಡೀರಿ ಪೂವಪ್ಪಣ್ಣ. ಈಗಲೇ."

"ಬಾಣಂತಿ ಮೀತಾ ಇದ್ದಾಳೆ ಬಾಯಿ. ನಾನು ಹೇಗೆ..."

"ನಿಮ್ಮ ಹೊಟ್ಟೆಯ ಮಗಳು ಅಂತ ಗ್ರಹಿಸಿ. ಒಡೀರಿ. ಉಸಿರು ಹಿಡ್ಕೊಂಡು ಹೋಗಿ ಮೊದ್ಲು ಮಗುವನ್ನು ಹೊರಗೆ ತನ್ನಿ, ಮತ್ತೆ ಅವರನ್ನು. ನಾನು ಬಂದೆ."

ಪೂವಪ್ಪ ಅಂಗಡಿಯಿಂದ ತಂದು ಮನೆಯಲ್ಲಿಟ್ಟಿದ್ದ ಸುತ್ತಿಗೆ ಎತ್ತಿಕೊಂಡು ಬಂದು ಚಿಲಕವಿದ್ದ ಜಾಗಕ್ಕೆ ಹೊಡೆದರು. ಅಲ್ಯುಮಿನಿಯಂ ಬಗ್ಗಿತು, ಬಾಗಿಲು ತೆರೆಯಿತು. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಹರಿಣಾಕ್ಷಕ್ಕ ಕಾಲು ನೀಡಿ ಗೋಡೆಗೆ ಒರಗಿದ್ದರು, ಕಾಲ ಮೇಲೆ ಮಗು ಅಂಗಾತ. ಅದರ ಕೈ ಹಿಡಿದು ಎತ್ತಿದರೆ ಬಟ್ಟೆಯ ಹಾಗೆ ಜೋತು ಬಿತ್ತು. ಯಶ್ಮಿತಾ ಮಣೆಯಿಂದ ಒಂದು ಪಕ್ಕಕ್ಕೆ ಉರುಳಿದ್ದಳು. ಪೂವಪ್ಪ ಮೊದಲು ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದರು.

ಬಾಗಿಲು ಒಡೆದ ಸದ್ದಿಗೆ ಖಲ್ಫಾನ್ ಮತ್ತು ಅವರ ಹೆಂಡತಿ ಓಡಿಬಂದರು. ಆ ಹೆಂಗಸು ಏನನ್ನೂ ಕೇಳಲಿಲ್ಲ. ತಾನು ಹೊದ್ದಿದ್ದ ಅಬಾಯಾ ಕಳಚಿ ಯಶ್ಮಿತಾಳಿಗೆ ಸುತ್ತಿ, ಪೂವಪ್ಪನವರ ಜೊತೆ ಸೇರಿ ಅವಳನ್ನು ಅಂಗಳಕ್ಕೆ ಎಳೆದರು. ಹರಿಣಾಕ್ಷಕ್ಕನನ್ನೂ ಎಳೆದು ತಂದರು. ಖಲ್ಫಾನ್ ಅತ್ತ ಮುಖ ತಿರುಗಿಸಿ ನಿಂತು ಆಂಬುಲೆನ್ಸಿಗೆ ಫೋನ್ ಮಾಡಿದರು. ಸೋಫಿಯಾ ಹಿಂದಿನ ಓಣಿಯಿಂದ ಓಡಿ ಬಂದವರೇ ಮಗುವನ್ನು ಕೆಳಗೆ ಮಲಗಿಸಿ ಅದರ ಪುಟ್ಟ ಬಾಯಿಗೂ ಮೂಗಿಗೂ ಸೇರಿಸಿ ಬಾಯಿಟ್ಟು ಮೆಲ್ಲಗೆ ಉಸಿರು ಕೊಡತೊಡಗಿದರು. ಪೂವಪ್ಪ ನೋಡುತ್ತ ನಿಂತರು. ಎಷ್ಟು ಹೊತ್ತಾಯಿತೋ ಅವರಿಗೂ ಹೇಳಲಾಗದು. ಮಗುವಿನ ಎದೆ ಒಮ್ಮೆ ತಾನಾಗಿ ಏರಿತು. ಮತ್ತೊಮ್ಮೆ ಏರಿತು.

ಆಸ್ಪತ್ರೆಯಲ್ಲಿ ಮೂವರಿಗೂ ಆಮ್ಲಜನಕ ಕೊಟ್ಟರು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ಕೆಂಡದ ವಿಷಗಾಳಿ ರಕ್ತಕ್ಕೆ ಸೇರಿದೆ, ದೊಡ್ಡವರಿಗೆ ಅಪಾಯ ದಾಟಿದೆ, ಮಗುವಿನ ಬಗ್ಗೆ ಈಗಲೇ ಹೇಳಲಾಗದು ಎಂದರು. ಬೌಷರ್‌ನಿಂದ ಹರ್ಷಿತ್ ಕಾರು ಓಡಿಸಿಕೊಂಡು ಬಂದ. ಅಮ್ಮನ ಹತ್ತಿರ ಹೋಗಲಿಲ್ಲ, ಗಾಜಿನಾಚೆ ಮಗುವನ್ನು ನೋಡುತ್ತ ನಿಂತ. ಹರಿಣಾಕ್ಷಕ್ಕ ಎದ್ದು ಕೂತವರು, ಅವನ ಬೆನ್ನನ್ನೇ ನೋಡುತ್ತಿದ್ದರು. ಸೋಫಿಯಾ ಪಕ್ಕದಲ್ಲಿ ಬಂದು ಕೂತಾಗ ಮೆಲ್ಲಗೆ ಹೇಳಿದರು.

"ಹೊಗೆ ಇರ್ಲಿಲ್ಲ ಬಾಯಿ. ಒಂದು ಎಳೆ ಇರ್ಲಿಲ್ಲ."

"ಹೊಗೆ ಇದ್ದಿದ್ರೆ ಕೆಮ್ಮಿಕೊಂಡು ಹೊರಗೆ ಬರ್ತಿದ್ರಿ ಅಕ್ಕ. ಇದು ಕಣ್ಣಿಗೆ ಕಾಣುದಿಲ್ಲ, ಮೂಗಿಗೆ ಗೊತ್ತಾಗುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕಟ್ಟಿಗೆ ಇರ್ಲಿ, ಕೆಂಡ ಇರ್ಲಿ, ಈ ಗಾಳಿ ಬಿಡ್ತದೆ. ಮೊದ್ಲು ತಲೆನೋವು, ಮತ್ತೆ ವಾಕರಿಕೆ, ಮತ್ತೆ ನಿದ್ರೆ. ಆ ನಿದ್ರೆಯಿಂದ ಎಲ್ಲರೂ ಏಳುದಿಲ್ಲ. ನಾನು ಫೋನಲ್ಲಿ ಪೂರ್ತಿ ಹೇಳ್ಬೇಕಿತ್ತು."

ಮಗು ಮಿಂದ ಮೇಲೆ ಚೆಂದ ಮಲಗುತ್ತದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದೆನಲ್ಲ ಎಂದು ಹರಿಣಾಕ್ಷಕ್ಕ ಅತ್ತರು. ಅದು ನಿದ್ದೆಯಾಗಿರಲಿಲ್ಲ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಸಂಜೆಯ ಹೊತ್ತಿಗೆ ಮಗು ಹಾಲಿಗಾಗಿ ಅತ್ತಿತು. ಗಟ್ಟಿಯಾಗಿ, ಸಿಟ್ಟಿನಿಂದ ಅತ್ತಿತು. ಹರ್ಷಿತ್ ಆಗ ತಿರುಗಿ ಅಮ್ಮನ ಪಕ್ಕ ಬಂದು ಕೂತ.

ಮನೆಗೆ ಬಂದ ಮೇಲೆ ಹರಿಣಾಕ್ಷಕ್ಕ ಇನ್ನೊಂದು ತುದಿಗೆ ಹೋದರು. ಹಂಡೆ ಎಸೆಯಿರಿ, ಈ ಮನೆಯಲ್ಲಿ ಇನ್ನು ಬೆಂಕಿಯೇ ಬೇಡ, ನಾನಿನ್ನು ಯಾರಿಗೂ ನೀರು ಹೊಯ್ಯುವುದಿಲ್ಲ ಎಂದು ಕೂತರು. ಅವರನ್ನು ಎಬ್ಬಿಸಿದ್ದು ಸೋಫಿಯಾ ಅಲ್ಲ, ಸೊಸೆ.

"ನಂಗೆ ನೀವು ಹೊಯ್ಯುವ ನೀರು ಬೇಕು ಮಾಮಿ. ಸೊಂಟ ನೋವು ಇಳಿಯುದು ಅದರಲ್ಲೇ. ಆ ಕೋಣೆ ಮಾತ್ರ ಬೇಡ."

ಸೋಫಿಯಾ ಅದನ್ನೇ ಹಿಡಿದರು. ಗೀಸರಿನ ನೀರಾದರೂ ಬಿಸಿ ಬಿಸಿಯೇ, ಮೈಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಟ್ಟಿಗೆಯೇ ಬೇಕೆಂದರೆ ಅದಕ್ಕೂ ದಾರಿಯಿದೆ, ಬೆಂಕಿ ಇರಬೇಕಾದದ್ದು ಗೋಡೆಯಾಚೆ ಎಂದರು. ಬಿಸಿ ಕೊಳವೆಯಲ್ಲಿ ಹೋಗಿಬಿಡುತ್ತದೆ ಎಂದು ಹರಿಣಾಕ್ಷಕ್ಕ ಸಣ್ಣ ದನಿಯಲ್ಲಿ ತಮ್ಮ ಹಳೆಯ ತಕರಾರು ತೆಗೆದರು. ಹರ್ಷಿತ್ ಮತ್ತೆ ಆ ಚಿತ್ರ ತೋರಿಸಿದ. ಉರಿಯುವ ಕೊಳವೆಯ ಸುತ್ತಲೇ ನೀರು ನಿಂತಿರುತ್ತದೆ, ಬಿಸಿ ನೀರಿಗೆ ತಗಲಿಕೊಂಡೇ ಮೇಲೆ ಹೋಗಬೇಕು, ನಿಮ್ಮ ಇಟ್ಟಿಗೆ ಒಲೆಯಲ್ಲಿ ಕಟ್ಟಿಗೆಯ ಬಿಸಿ ಹೆಚ್ಚಿನಂಶ ಗೋಡೆಗೆ ಹೋಗುತ್ತಿತ್ತು ಎಂದು ವಿವರಿಸಿದ. ನೆಕ್ಕಿ ಸೊಪ್ಪನ್ನು ಬೇರೆ ಪಾತ್ರೆಯಲ್ಲಿ ಕುದಿಸಿ ಬೆರೆಸಿದರಾಯಿತು ಎಂದು ಹರಿಣಾಕ್ಷಕ್ಕನೇ ಹೇಳಿದರು. ಅಲ್ಲಿಗೆ ಅವರು ಒಪ್ಪಿದರು ಎಂದು ಎಲ್ಲರಿಗೂ ತಿಳಿಯಿತು.

ಉಳಿದದ್ದು ಪೂವಪ್ಪನವರ ಗೋಡೆ. ಈ ಸಲ ಅವರೇ ಖಲ್ಫಾನರ ಬಾಗಿಲು ತಟ್ಟಿದರು. ಖಲ್ಫಾನ್ ಮಾತು ಮುಗಿಯಲು ಬಿಡಲಿಲ್ಲ. ಗೋಡೆಗೆ ತೂತು ಬಿದ್ದರೆ ಮುಚ್ಚಬಹುದು, ಇದನ್ನು ಇಷ್ಟು ದಿನ ಕೇಳದೆ ಕೂತಿರಲ್ಲ ಎಂದು ಹಿಂದಿಯಲ್ಲಿ ಬೈದರು. ಬಾಡಿಗೆಯವರಿಗೆ ತಾನು ಯಾಕೆ ಹೊಸ ಒಲೆ ಹಾಕಿಸಬೇಕು ಎಂದು ಹೊಗೆ ನೋಡಿಯೂ ತಾನು ಸುಮ್ಮನಿದ್ದುದೂ ನಿಜ ಎಂದು ಒಪ್ಪಿಕೊಂಡರು. ಆಮೇಲೆ ಏನೋ ನೆನಪಾಗಿ ಒಳಗೆ ಹೋದರು. ಚಳಿಗೆಂದು ಅವರ ಮುದಿ ತಾಯಿಯ ಕೋಣೆಯಲ್ಲೂ ಕೆಂಡದ ಬಾಂಡ್ಲಿ ಇಟ್ಟು ಬಾಗಿಲು ಮುಚ್ಚುತ್ತಿದ್ದರಂತೆ. ಅದನ್ನು ಎತ್ತಿಕೊಂಡು ಬಂದು ಅಂಗಳದಲ್ಲಿ ನೀರು ಸುರಿದರು.

ಈಗ ಹಿತ್ತಿಲಿನ ಹೊರಗೋಡೆಗೆ ಬಾಯ್ಲರ್ ನಿಂತಿದೆ. ಹೊಗೆಕೊಳವೆ ಮನೆಯ ತಾರಸಿಗಿಂತ ಎತ್ತರಕ್ಕೆ ಹೋಗಿದೆ. ಪೂವಪ್ಪನವರು ಅಂಗಡಿಯ ಬಣ್ಣ ಬಳಿದ ಪೆಟ್ಟಿಗೆ ಹಲಗೆಗಳನ್ನು ಅದಕ್ಕೆ ಹಾಕಲು ಬಿಡುವುದಿಲ್ಲ, ಒಣಗಿದ ಕಟ್ಟಿಗೆ ಮಾತ್ರ. ಕೋಣೆಯ ಕಿಂಡಿ ದೊಡ್ಡದಾಗಿದೆ, ಅದಕ್ಕೆ ಜಾಲರಿ ಬಂದಿದೆ. ನೀರಿಗೆ ಹೊಗೆಯ ವಾಸನೆಯೇ ಇಲ್ಲ ಎಂದು ಹರಿಣಾಕ್ಷಕ್ಕ ಈಗಲೂ ಗೊಣಗುತ್ತಾರೆ. ಗೊಣಗಲಿ. ಅವರ ಮನೆಯಲ್ಲಿ ಯಾರಿಗೂ ತಲೆನೋವಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಮ್ಮಂದಿರೇ, ಅಣ್ಣಂದಿರೇ, ಹರಿಣಾಕ್ಷಕ್ಕನಿಗಿಂತ ಹೆಚ್ಚು ಪ್ರೀತಿಯಿಂದ ಬಾಣಂತನ ಮಾಡುವವರನ್ನು ನಾನು ಕಂಡಿಲ್ಲ. ಆ ಪ್ರೀತಿ ಮೂವರನ್ನು ಸಾಯಿಸುವುದರಲ್ಲಿತ್ತು. ಮುಚ್ಚಿದ ಕೋಣೆಯಲ್ಲಿ ಬೆಂಕಿ ಬೇಡ, ಕೆಂಡ ಬೇಡ, ಬಾಣಂತಿಯ ಮಂಚದ ಕೆಳಗೂ ಬೇಡ. ಹೊಗೆ ಕಾಣದಿದ್ದರೆ ಅಪಾಯವಿಲ್ಲ ಎಂದು ನಂಬಬೇಡಿ. ಕಟ್ಟಿಗೆಯ ನೀರೇ ಬೇಕಿದ್ದರೆ ಹೊಗೆಕೊಳವೆಯಿರುವ ಬಾಯ್ಲರನ್ನು ಗೋಡೆಯ ಹೊರಗೆ ಇಡಿ. ಮನೆ ಬಾಡಿಗೆಯದಾದರೆ ಯಜಮಾನರನ್ನು ಬಾಯಿಬಿಟ್ಟು ಕೇಳಿ. ಬಾಡಿಗೆಗೆ ಕೊಟ್ಟ ಮನೆ ನಿಮ್ಮದಾದರೆ ಬಾಡಿಗೆಯವರು ಕೇಳುವವರೆಗೆ ಕಾಯಬೇಡಿ. ಒಳಗಿದ್ದಾಗ ಬರುವ ತಲೆನೋವು ಹೊರಗೆ ಬಂದಾಗ ಕಡಿಮೆಯಾದರೆ, ಒಂದೇ ಕೋಣೆಯಲ್ಲಿದ್ದ ಇಬ್ಬರಿಗೂ ಒಟ್ಟಿಗೆ ಬಂದರೆ, ಅದು ಶೀತವಲ್ಲ. ಬಾಗಿಲು ಕಿಟಕಿ ತೆಗೆದು ಎಲ್ಲರೂ ಹೊರಗೆ ಬನ್ನಿ, ಇಲ್ಲಿಯ ತುರ್ತು ಸಂಖ್ಯೆ ೯೯೯೯ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ.

ಮನೆಯ ಗಂಡಸರಿಗೆ ಒಂದು ಮಾತು ಬೇರೆ ಹೇಳಬೇಕು. ಬಚ್ಚಲಿನಾಚೆ ನಿಂತು ಕರೆದಿರಿ, ಉತ್ತರ ಬರಲಿಲ್ಲ. ಮತ್ತೆ ಕರೆದಿರಿ, ಆಗಲೂ ಬರಲಿಲ್ಲ. ಇನ್ನೊಮ್ಮೆ ಕರೆಯಬೇಡಿ. ಒಳಗಿರುವವಳು ಸೊಸೆಯೋ, ತಂಗಿಯೋ, ಬೇರೆ ಮನೆಯ ಹೆಂಗಸೋ ಎಂದು ಯೋಚಿಸಬೇಡಿ. ಬಾಗಿಲು ಒಡೆಯಿರಿ.